ಸೆಕೆಂಡ್ ಹ್ಯಾಂಡ್ ವೇಫರ್ ರೋಬೋಟ್ ಕೊಳ್ಳುವಾಗ ಏನೇನು ನೋಡಬೇಕು?

ಚಿಪ್ ತಯಾರಿಸುವ ಕಾರ್ಖಾನೆಗೆ ಫ್ಯಾಬ್ ಅಂತಾರೆ, ಚಿಪ್‌ಗಳು ರೂಪುಗೊಳ್ಳುವ ತೆಳು ಸಿಲಿಕಾನ್ ಬಿಲ್ಲೆಗೆ ವೇಫರ್ ಅಂತಾರೆ. ವೇಫರ್‌ಗಳನ್ನು ಜೋಡಿಸಿಟ್ಟ ಕ್ಯಾಸೆಟ್ ಪೆಟ್ಟಿಗೆಯಿಂದ ಒಂದೊಂದೇ ವೇಫರ್ ತೆಗೆದು ಯಂತ್ರದೊಳಗೆ ಇಡುವುದು, ಕೆಲಸ ಮುಗಿದ ಮೇಲೆ ಮತ್ತೆ ಸ್ಲಾಟ್‌ಗೆ ಸೇರಿಸುವುದು ರೋಬೋಟ್ ಕೆಲಸ. ಅದು ನಿಂತರೆ ಕೋಟಿಗಟ್ಟಲೆ ಬೆಲೆಯ ಯಂತ್ರವೂ ಸುಮ್ನೆ ನಿಲ್ಲುತ್ತದೆ. ಎಚಿಂಗ್ (ವೇಫರ್ ಮೇಲಿನ ಪದರ ಕೊರೆಯುವ), ಫಿಲ್ಮ್ ಡಿಪಾಸಿಷನ್ (ತೆಳು ಪದರ ಕೂರಿಸುವ) ಯಂತ್ರಗಳು ಇಪ್ಪತ್ತು ವರ್ಷಕ್ಕೂ ಜಾಸ್ತಿ ಓಡುತ್ತವೆ. ಅವುಗಳೊಳಗಿನ ರೋಬೋಟ್ ಮಾದರಿಯನ್ನು ತಯಾರಕರು ಎಷ್ಟೋ ಮೊದಲೇ ಕೈಬಿಟ್ಟಿರುತ್ತಾರೆ. ಹಾಗಾಗಿ 200 ಮಿ.ಮೀ. ವೇಫರ್ ಓಡಿಸುವ ಫ್ಯಾಬ್‌ಗಳಿಗೆ ಹಳೆಯ ರೋಬೋಟ್ ಹುಡುಕುವುದು ಮಾಮೂಲಿ ಕೆಲಸ. ನಮ್ಮ ದೇಶದಲ್ಲಿ ಮೊಹಾಲಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿಯದ್ದೂ 200 ಮಿ.ಮೀ. ಲೈನೇ. ಬೆಂಗಳೂರಿನಲ್ಲಿ ಅಪ್ಲೈಡ್ ಮೆಟೀರಿಯಲ್ಸ್, ಲ್ಯಾಮ್ ರಿಸರ್ಚ್ ಕಂಪನಿಗಳ ಎಂಜಿನಿಯರಿಂಗ್ ಕೇಂದ್ರಗಳಿವೆ. ಈ ಕ್ಷೇತ್ರಕ್ಕೆ ಬರಬೇಕು ಅಂತಿರುವವರು ಪ್ರೋಸೆಸ್ ಜೊತೆಗೆ ಈ ರೋಬೋಟ್‌ಗಳನ್ನೂ ಚೆನ್ನಾಗಿ ತಿಳಿದುಕೊಳ್ಳಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಹಳೆಯದನ್ನು ಪರೀಕ್ಷಿಸಲು ಕಲಿತವರಿಗೆ ಹೊಸದೂ ಸಲೀಸಾಗಿ ಅರ್ಥವಾಗುತ್ತದೆ.

ಗಾಳಿಯಲ್ಲಿ ಓಡುವುದೋ, ನಿರ್ವಾತದಲ್ಲೋ?

ಮೊದಲು ಇದು ಇತ್ಯರ್ಥವಾಗಬೇಕು. ಅಟ್ಮಾಸ್ಫಿಯರಿಕ್ ರೋಬೋಟ್ ಕ್ಲೀನ್‌ರೂಮಿನ ಮಾಮೂಲಿ ಗಾಳಿಯಲ್ಲಿ ಓಡುತ್ತದೆ. ಇದರಲ್ಲಿ ತೋಳಿನ ತುದಿಯ ಚಪ್ಪಟೆ ಬ್ಲೇಡು ವೇಫರನ್ನು ಕೆಳಗಿನಿಂದ ಹೀರಿ ಹಿಡಿಯಬಹುದು, ಇಲ್ಲವೇ ಅಂಚಿನಲ್ಲಿ ಕಚ್ಚಿ ಹಿಡಿಯಬಹುದು. ವ್ಯಾಕ್ಯೂಮ್ ರೋಬೋಟ್ ಯಂತ್ರದ ನಡುವಿನ ಟ್ರಾನ್ಸ್‌ಫರ್ ಚೇಂಬರ್‌ನಲ್ಲಿ ಕೂರುತ್ತದೆ. ಅಲ್ಲಿ ಗಾಳಿಯೇ ಇಲ್ಲದ ಮೇಲೆ ಹೀರಿ ಹಿಡಿಯುವ ಮಾತೇ ಇಲ್ಲ. ಸಾಮಾನ್ಯವಾಗಿ ವೇಫರ್ ತನ್ನ ತೂಕದಿಂದಲೇ ಬ್ಲೇಡಿನ ಮೇಲೆ ಕೂತಿರುತ್ತದೆ. 300 ಮಿ.ಮೀ. ವೇಫರ್ ತೂಗುವುದು ಸುಮಾರು 128 ಗ್ರಾಂ, ಅಷ್ಟೇ. ಅದು ಜಾರದಂತೆ ತಡೆಯುವುದು ಬ್ಲೇಡಿನ ಮೇಲಿನ ಚಿಕ್ಕ ಪ್ಯಾಡ್‌ಗಳ ಘರ್ಷಣೆ. ಪ್ಯಾಡ್ ಸವೆದಿದ್ದರೆ ವೇಫರ್ ಒಂದಿಷ್ಟು ಸರಿಯುತ್ತದೆ, ರೋಬೋಟಿಗೆ ಅದು ಗೊತ್ತೇ ಆಗುವುದಿಲ್ಲ. ಹಳೆಯ ವ್ಯಾಕ್ಯೂಮ್ ರೋಬೋಟ್ ನೋಡುವಾಗ ಈ ಪ್ಯಾಡ್‌ಗಳನ್ನು ಲೆನ್ಸ್ ಹಿಡಿದು ನೋಡಿ.

ವ್ಯಾಕ್ಯೂಮ್ ರೋಬೋಟಿನ ಇನ್ನೊಂದು ಜೀವಾಳ ಸೀಲು. ಮೋಟಾರು ಹೊರಗಿನ ಗಾಳಿಯಲ್ಲಿ, ತೋಳು ಒಳಗಿನ ನಿರ್ವಾತದಲ್ಲಿ. ತಿರುಗುವ ಶಾಫ್ಟ್ ಹಾದುಹೋಗುವಲ್ಲಿ ಮ್ಯಾಗ್ನೆಟಿಕ್ ಫ್ಲೂಯಿಡ್ ಸೀಲ್ (ಅಯಸ್ಕಾಂತ ಹಿಡಿದಿಡುವ ದ್ರವದ ಸೀಲು), ಮೇಲೆ ಕೆಳಗೆ ಚಲಿಸುವ ಭಾಗಕ್ಕೆ ಲೋಹದ ಬೆಲ್ಲೋಸ್ (ಮಡಿಕೆ ಮಡಿಕೆಯ ಕೊಳವೆ) ಇರುವ ವಿನ್ಯಾಸ ಸಾಮಾನ್ಯ. ಬೆಲ್ಲೋಸ್ ಹಿಗ್ಗಿ ಕುಗ್ಗಿ ದಣಿಯುತ್ತದೆ. ಅದಕ್ಕೇ ಹೀಲಿಯಂ ಅನಿಲದಿಂದ ಸೋರಿಕೆ ಹುಡುಕುವ ಲೀಕ್ ಟೆಸ್ಟ್ ಆಗಲೇಬೇಕು. ರೋಬೋಟನ್ನು ಮೇಲಿನ ತುದಿಯಲ್ಲಿ ಒಮ್ಮೆ, ಕೆಳಗಿನ ತುದಿಯಲ್ಲಿ ಒಮ್ಮೆ ನಿಲ್ಲಿಸಿ ಮಾಡಿಸಿ. ಕುಗ್ಗಿದಾಗ ಮುಚ್ಚಿಕೊಂಡಿರುವ ಬಿರುಕು ಹಿಗ್ಗಿದಾಗ ಬಾಯಿ ಬಿಡಬಹುದು.

ಮಿಲಿಮೀಟರಿನ ಲೆಕ್ಕ

ಎಷ್ಟು ನಿಖರತೆ ಬೇಕು ಅನ್ನೋದನ್ನು ಬಾಯಿಪಾಠ ಮಾಡುವುದಕ್ಕಿಂತ ಲೆಕ್ಕ ಹಾಕಿ ನೋಡೋಣ. 200 ಮಿ.ಮೀ. ಕ್ಯಾಸೆಟ್‌ನಲ್ಲಿ 25 ಸ್ಲಾಟ್. ಒಂದರಿಂದ ಇನ್ನೊಂದಕ್ಕೆ 6.35 ಮಿ.ಮೀ. ವೇಫರ್ ದಪ್ಪ 0.725 ಮಿ.ಮೀ. ಕಳೆದರೆ ಎರಡು ವೇಫರ್ ನಡುವೆ ಉಳಿಯುವ ಜಾಗ 5.6 ಮಿ.ಮೀ. ಬ್ಲೇಡಿನ ದಪ್ಪ 2 ಮಿ.ಮೀ. ಅಂತ ಇಟ್ಟುಕೊಳ್ಳಿ. ಮೇಲೊಂದು 1.8, ಕೆಳಗೊಂದು 1.8 ಮಿ.ಮೀ. ಉಳಿಯಿತು.

ಈಗ ಬ್ಲೇಡು ಅರ್ಧ ಡಿಗ್ರಿ ವಾಲಿದೆ ಅನ್ನಿ. ಕಣ್ಣಿಗೆ ಕಾಣುವುದೇ ಇಲ್ಲ. ಆದರೆ 200 ಮಿ.ಮೀ. ಉದ್ದಕ್ಕೆ ಆ ವಾಲು 1.75 ಮಿ.ಮೀ. ಆಗುತ್ತದೆ. ಒಂದು ತುದಿ ಸರಿಯಾಗಿ ನಡುವೆ ಇದ್ದರೂ ಇನ್ನೊಂದು ತುದಿ ವೇಫರಿಗೆ ಹೆಚ್ಚುಕಡಿಮೆ ತಾಗಿದಂತೆಯೇ. 0.1 ಡಿಗ್ರಿ ವಾಲಿದರೆ ಅದೇ ಲೆಕ್ಕದಲ್ಲಿ 0.35 ಮಿ.ಮೀ. ಇದರಲ್ಲಿ ಬದುಕಬಹುದು. 300 ಮಿ.ಮೀ. ವೇಫರ್‌ಗಳ ಮುಚ್ಚಿದ ಪೆಟ್ಟಿಗೆ, ಅಂದ್ರೆ ಫೂಪ್‌ನಲ್ಲಿ ಸ್ಲಾಟ್ ಅಂತರ 10 ಮಿ.ಮೀ., ವೇಫರ್ ದಪ್ಪ 0.775. ಜಾಗ ಜಾಸ್ತಿ, ಆದರೆ ತೋಳೂ ಉದ್ದ, ವೇಫರೂ ಅಗಲ, ಹಾಗಾಗಿ ತಪ್ಪೂ ಅಷ್ಟೇ ದೊಡ್ಡದಾಗುತ್ತದೆ.

ತಿರುಗುವ ಅಕ್ಷಕ್ಕೂ ಇದೇ ಲೆಕ್ಕ ಹಾಕಿ. 500 ಮಿ.ಮೀ. ಚಾಚಿದ ತೋಳು 0.01 ಡಿಗ್ರಿ ತಪ್ಪಿದರೆ ತುದಿಯಲ್ಲಿ 0.087 ಮಿ.ಮೀ. ಇಂಥ ರೋಬೋಟ್‌ಗಳ ರಿಪೀಟೆಬಿಲಿಟಿ (ಪ್ರತಿಸಲ ಅದೇ ಜಾಗಕ್ಕೆ ಬರುವ ನಿಖರತೆ) ಸ್ಪೆಕ್ ಸಾಮಾನ್ಯವಾಗಿ 0.1 ಮಿ.ಮೀ. ಅಥವಾ ಅದಕ್ಕಿಂತ ಬಿಗಿ. ಅಂದ್ರೆ ತೋಳನ್ನು ಓಡಿಸುವ ಬೆಲ್ಟು ಇಷ್ಟೇ ಇಷ್ಟು ಸಡಿಲವಾದರೂ ಸ್ಪೆಕ್ ಪೂರ್ತಿ ತಿಂದುಹಾಕುತ್ತದೆ.

ತೋಳೊಂದೇ ಬಂದರೆ ಪ್ರಯೋಜನವಿಲ್ಲ

ಜಾಹೀರಾತಿನಲ್ಲಿ ಫಳಫಳ ಹೊಳೆಯುವ ತೋಳಿನ ಫೋಟೋ ಇರುತ್ತದೆ, ಬೆಲೆಯೂ ಅಗ್ಗ ಅನ್ನಿಸುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಕಂಟ್ರೋಲರ್ ಇಲ್ಲ, ಆಸ್-ಈಸ್’ ಅಂತ ಇರುತ್ತದೆ. ಇದ್ದದ್ದು ಇದ್ದ ಹಾಗೆ, ಆಮೇಲೆ ನಮ್ಮನ್ನು ಕೇಳಬೇಡಿ ಅಂತ ಅರ್ಥ. ಕೆಲಸಕ್ಕೆ ಬರುವ ಸೆಟ್ ಅಂದ್ರೆ ತೋಳು, ಅದಕ್ಕೆ ಹೊಂದುವ ಕಂಟ್ರೋಲರ್, ಕೇಬಲ್‌ಗಳು, ಟೀಚ್ ಪೆಂಡೆಂಟ್ (ರೋಬೋಟಿಗೆ ಜಾಗಗಳನ್ನು ಕಲಿಸುವ ಕೈ ಸಾಧನ), ಸರಿಯಾದ ಬ್ಲೇಡು. ಜೊತೆಗೆ ವೇಫರನ್ನು ಸರಿಯಾದ ದಿಕ್ಕಿಗೆ ತಿರುಗಿಸಿ ಕೂರಿಸುವ ಪ್ರಿ-ಅಲೈನರ್ ಬೇಕೋ ಬೇಡವೋ ನೋಡಿಕೊಳ್ಳಬೇಕು.

ಕಂಟ್ರೋಲರ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಒಂದೇ ಮಾದರಿ ಸಂಖ್ಯೆಯ ಎರಡು ರೋಬೋಟ್‌ಗಳು ಒಂದೇ ಥರ ಇರುತ್ತವೆ ಅನ್ನೋ ಭರವಸೆ ಇಲ್ಲ. ಯಂತ್ರ ತಯಾರಿಸುವ ಕಂಪನಿ ಕಂಟ್ರೋಲರ್ ಒಳಗಿನ ತಂತ್ರಾಂಶವನ್ನು, ಅಂದ್ರೆ ಫರ್ಮ್‌ವೇರನ್ನು, ತನಗೆ ಬೇಕಾದಂತೆ ಬದಲಿಸಿಕೊಂಡಿರುತ್ತದೆ. ಮಾದರಿ ಸಂಖ್ಯೆಯ ಕೊನೆಯ ಒಂದೆರಡು ಅಕ್ಷರ ಮಾತ್ರ ಬೇರೆ ಇರುತ್ತದೆ. ಆರ್‌ಎಸ್-232 ಸೀರಿಯಲ್ ಪೋರ್ಟಿನಲ್ಲಿ ಯಂತ್ರ ಕಳಿಸುವ ಆಜ್ಞೆ ಈ ಕಂಟ್ರೋಲರಿಗೆ ಅರ್ಥವಾಗದಿದ್ದರೆ ತೋಳು ಎಷ್ಟೇ ಚೆನ್ನಾಗಿದ್ದರೂ ಏನು ಮಾಡೋದು? ನಾಮಫಲಕದ ಫೋಟೋ ತರಿಸಿ, ಪೂರ್ತಿ ಸಂಖ್ಯೆಯನ್ನು ಅಕ್ಷರಕ್ಕೆ ಅಕ್ಷರ ಹೊಂದಿಸಿ. ಫರ್ಮ್‌ವೇರ್ ಆವೃತ್ತಿ ತೋರಿಸುವ ಸ್ಕ್ರೀನ್ ಫೋಟೋನೂ ಕೇಳಿ.

ಹಳೆಯ ಕೆಲವು ಕಂಟ್ರೋಲರ್‌ಗಳು ಮಾಪನಾಂಕಗಳನ್ನು ಬ್ಯಾಟರಿ ಬಲದಿಂದ ನೆನಪಿಟ್ಟುಕೊಳ್ಳುತ್ತವೆ. ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ ಮೇಲೆ ಬ್ಯಾಟರಿ ಸತ್ತು ಎಲ್ಲ ಅಳಿಸಿಹೋಗಿರುತ್ತದೆ. ಅದಕ್ಕೇ ಆ ಮಾಪನಾಂಕಗಳಿರುವ ಪ್ಯಾರಾಮೀಟರ್ ಫೈಲಿನ ಬ್ಯಾಕಪ್ ಇದೆಯಾ ಅಂತ ಕೇಳಬೇಕು. ಬ್ಯಾಕಪ್ ಇಲ್ಲ ಅಂದ್ರೆ ಬೆಲೆ ಇಳಿಸಲು ಅದೊಂದೇ ಕಾರಣ ಸಾಕು.

ನಾಮಫಲಕದ ಹೆಸರಿನಿಂದ ಸರ್ವಿಸ್ ಯಾರು ಕೊಡುತ್ತಾರೆ ಅಂತ ತಿಳಿಯುವುದಿಲ್ಲ. ವೇಫರ್ ಸಾಗಿಸುವ ಉಪಕರಣ ಮಾಡುತ್ತಿದ್ದ ಕಂಪನಿಗಳನ್ನೇ ನೋಡಿ. ಇಕ್ವಿಪ್ ಕಂಪನಿ ಪಿಆರ್‌ಐ ಆಟೊಮೇಷನ್ ಕೈಗೆ ಹೋಯಿತು. ಪಿಆರ್‌ಐ 2002ರಲ್ಲಿ ಬ್ರೂಕ್ಸ್ ಆಟೊಮೇಷನ್‌ಗೆ ಸೇರಿತು. ಆಸಿಸ್ಟ್ 2009ರಲ್ಲಿ ದಿವಾಳಿ ಅರ್ಜಿ ಹಾಕಿತು. ಜೆನ್‌ಮಾರ್ಕನ್ನು ಜಪಾನಿನ ನಿಡೆಕ್ ಸಾಂಕ್ಯೊ ಕೊಂಡಿತು. ಬ್ರೂಕ್ಸ್‌ನ ಸೆಮಿಕಂಡಕ್ಟರ್ ವಿಭಾಗವೇ 2022ರಲ್ಲಿ ಒಂದು ಹೂಡಿಕೆ ಸಂಸ್ಥೆಯ ಪಾಲಾಯಿತು. ನೀವು ಕೊಳ್ಳುವ ಮಾದರಿಗೆ ಬೆಲ್ಟು, ಎನ್‌ಕೋಡರ್ (ತೋಳು ಎಲ್ಲಿದೆ ಅಂತ ಅಳೆಯುವ ಭಾಗ), ಬೋರ್ಡು ಇವತ್ತು ಯಾರ ಹತ್ತಿರ ಸಿಗುತ್ತವೆ ಅನ್ನೋದನ್ನು ಕೊಳ್ಳುವ ಮೊದಲೇ ವಿಚಾರಿಸಿ.

ಎದುರಿಗೆ ನಿಂತು ಪರೀಕ್ಷಿಸುವಾಗ

ಮೊದಲು ಪವರ್ ಇಲ್ಲದೆ ನೋಡಿ. ತೋಳಿನ ಗೆಣ್ಣುಗಳ ಹತ್ತಿರ, ಕವರ್ ಅಂಚಿನಲ್ಲಿ ಕಪ್ಪು ಅಥವಾ ಕಂದು ಪುಡಿ ಇದೆಯಾ? ಇದ್ದರೆ ಒಳಗೆ ಬೆಲ್ಟೋ ಬೇರಿಂಗೋ ಸವೆಯುತ್ತಿದೆ. ಆ ಪುಡಿ ನಾಳೆ ವೇಫರ್ ಮೇಲೆ ಬೀಳುತ್ತದೆ.

ಪವರ್ ಕೊಟ್ಟು ಹೋಮಿಂಗ್ ಮಾಡಿಸಿ (ತೋಳು ತನ್ನ ಆರಂಭದ ಜಾಗಕ್ಕೆ ಬರಲಿ), ತೋಳು ಮೇಲೆತ್ತಿದ್ದಾಗ ಪವರ್ ತೆಗೆಯಿರಿ. ತೋಳು ಇದ್ದಲ್ಲೇ ನಿಲ್ಲಬೇಕು. ಇಳಿದರೆ ಮೇಲೆ ಕೆಳಗೆ ಚಲಿಸುವ ಜೆಡ್ ಅಕ್ಷದ ಬ್ರೇಕ್ ಹೋಗಿದೆ.

ಆಮೇಲೆ ಡಯಲ್ ಗೇಜ್, ಅಂದ್ರೆ ಸೂಕ್ಷ್ಮ ಸರಿತ ಅಳೆಯುವ ಮುಳ್ಳಿನ ಮಾಪಕ. ಬ್ಲೇಡಿನ ತುದಿ ಬಂದು ತಾಗುವಂತೆ ಗೇಜ್ ಕಟ್ಟಿ. ಮೊದಲು ಎಡದಿಂದ ಮಾತ್ರ ಬರುವಂತೆ ಪದೇ ಪದೇ ಓಡಿಸಿ ರೀಡಿಂಗ್ ಬರೆದುಕೊಳ್ಳಿ. ಆಮೇಲೆ ಬಲದಿಂದ. ಎರಡೂ ಗುಂಪುಗಳು ಒಳಗೊಳಗೇ ಚೆನ್ನಾಗಿದ್ದು, ಒಂದಕ್ಕೊಂದು ದೂರ ಇದ್ದರೆ ಗೇರಿನಲ್ಲೋ ಬೆಲ್ಟಿನಲ್ಲೋ ಆಟ ಇದೆ, ಅದೇ ಬ್ಯಾಕ್‌ಲ್ಯಾಶ್. ಗುಂಪಿನೊಳಗೇ ಚೆದುರಿದ್ದರೆ ಬೇರಿಂಗ್ ಅಥವಾ ಎನ್‌ಕೋಡರ್ ಕಡೆ ಅನುಮಾನ ಹೋಗಬೇಕು. ಒಂದು ಗಂಟೆ ಓಡಿಸಿದ ಮೇಲೆ ಮತ್ತೆ ಅಳೆಯಿರಿ. ಬಿಸಿಯಾದಾಗ ರೀಡಿಂಗ್ ನಿಧಾನಕ್ಕೆ ಒಂದೇ ಕಡೆ ಜರುಗುತ್ತಾ ಹೋಗುವ ರೋಬೋಟ್‌ಗಳಿವೆ. ಮಾರುವವರು ಕಳಿಸುವ ಎರಡು ನಿಮಿಷದ ವಿಡಿಯೋದಲ್ಲಿ ಇದು ಕಾಣುವುದಿಲ್ಲ.

ಹೀರಿ ಹಿಡಿಯುವ ಬ್ಲೇಡಾದರೆ ಡಮ್ಮಿ ವೇಫರ್ ಇಟ್ಟು, ವ್ಯಾಕ್ಯೂಮ್ ಗೇಜ್ ನೋಡುತ್ತಾ ತೋಳನ್ನು ನಿಧಾನಕ್ಕೆ ಪೂರ್ತಿ ಚಾಚಿ, ಮಡಚಿ. ಒಂದು ಕೋನದಲ್ಲಿ ಮಾತ್ರ ಮುಳ್ಳು ಇಳಿದರೆ ಗೆಣ್ಣಿನೊಳಗಿನ ಟ್ಯೂಬು ಸೀಳಿದೆ. ಎನ್‌ಕೋಡರ್ ಎರರ್ ಒಂದೇ ಜಾಗದಲ್ಲಿ ಬಂದು ಬಂದು ಹೋಗುತ್ತಿದ್ದರೆ ಅಲ್ಲಿ ಮಡಚುವ ಕೇಬಲ್ ದಣಿದಿದೆ ಅಂತ ಊಹಿಸಬಹುದು.

ಎಲ್ಲಿಂದ ಬಂದದ್ದು, ಹೇಗೆ ತರಿಸೋದು

ರೋಬೋಟ್ ಹಿಂದೆ ಯಾವ ಯಂತ್ರದಲ್ಲಿತ್ತು ಅಂತ ಕೇಳದೆ ಕೊಳ್ಳಬೇಡಿ. ತಾಮ್ರದ ಪ್ರೋಸೆಸ್‌ನಲ್ಲಿದ್ದ ಬ್ಲೇಡನ್ನು ತಾಮ್ರ ಇಲ್ಲದ ಲೈನಿಗೆ ತಂದರೆ ಅಪಾಯ. ತಾಮ್ರ ಸಿಲಿಕಾನ್‌ನಲ್ಲಿ ಬಹಳ ಬೇಗ ಹರಡಿ ಟ್ರಾನ್ಸಿಸ್ಟರ್ ಹಾಳು ಮಾಡುತ್ತದೆ. ಗ್ಯಾಲಿಯಂ ಆರ್ಸೆನೈಡ್ ಲೈನಿನಿಂದ ಬಂದಿದ್ದರೆ ಆರ್ಸೆನಿಕ್ ಇರುವುದರಿಂದ ಬಿಚ್ಚುವವರ ಆರೋಗ್ಯದ ಪ್ರಶ್ನೆ. ಇಂಥ ಕೊಳೆ ತೆಗೆದು ಶುದ್ಧಮಾಡಿದೆ ಅನ್ನುವ ಡಿಕಂಟಾಮಿನೇಷನ್ ಪ್ರಮಾಣಪತ್ರ ಇಲ್ಲದೆ ಪ್ಯಾಕ್ ಬಿಚ್ಚಲೇಬಾರದು.

ಆಮದಿನಲ್ಲಿ ಇವು ಕಸ್ಟಮ್ಸ್‌ನ 8486 ಶೀರ್ಷಿಕೆಯಡಿ ಬರುತ್ತವೆ. ಹಳೆಯ ಯಂತ್ರವಾದ್ದರಿಂದ ಅದರ ಸ್ಥಿತಿ, ಬೆಲೆ ತಿಳಿಸುವ ಚಾರ್ಟರ್ಡ್ ಎಂಜಿನಿಯರ್ ಪ್ರಮಾಣಪತ್ರವನ್ನೂ ಕೇಳುತ್ತಾರೆ. ಮರದ ಪೆಟ್ಟಿಗೆಗೆ ಐಎಸ್‌ಪಿಎಂ-15 (ಮರದಲ್ಲಿ ಕೀಟ ಬರದಂತೆ ಸಂಸ್ಕರಿಸಿದ್ದನ್ನು ತೋರಿಸುವ) ಮುದ್ರೆ ಇರಬೇಕು. ಅಮೆರಿಕದಿಂದ ತರಿಸುವುದಾದರೆ ರಫ್ತು ನಿಯಂತ್ರಣದ ವರ್ಗೀಕರಣವನ್ನು ಮಾರುವವರಿಂದ ಬರಹದಲ್ಲಿ ಪಡೆಯಿರಿ. ಚಿಪ್ ತಯಾರಿಕೆಯ ಉಪಕರಣಗಳಿಗೆ ಅಲ್ಲಿ 3ಬಿ001 ಅನ್ನೋ ವರ್ಗ ಇದೆ. ಬಹುಚೇಂಬರ್ ವೇಫರ್ ಹ್ಯಾಂಡ್ಲಿಂಗ್ ವ್ಯವಸ್ಥೆಗಳಲ್ಲಿ ಕೆಲವು ಅದರೊಳಗೆ ಬರುತ್ತವೆ.

ಪ್ಯಾಕಿಂಗ್‌ನಲ್ಲಿ ತೋಳನ್ನು ಲಾಕ್ ಬ್ರಾಕೆಟ್‌ನಿಂದ ಬಿಗಿದು, ಎರಡು ಕ್ಲೀನ್‌ರೂಮ್ ಚೀಲ ಹಾಕಿ, ಪೆಟ್ಟಿಗೆಗೆ ಜೋರು ಪೆಟ್ಟು ಬಿದ್ದರೆ ಬಣ್ಣ ಬದಲಿಸುವ ಶಾಕ್ ಇಂಡಿಕೇಟರ್ ಅಂಟಿಸಬೇಕು. ಪೆಟ್ಟಿಗೆ ಬಂದಾಗ ಅದು ಕೆಂಪಾಗಿದ್ದರೆ ಸಹಿ ಹಾಕುವ ಮೊದಲೇ ಫೋಟೋ ತೆಗೆಯಿರಿ. ಇನ್ನು ಹಣದ ವಿಷಯ. ಪರ್ಚೇಸ್ ಆರ್ಡರ್‌ನಲ್ಲಿ ಒಂದು ಭಾಗದ ಹಣ ತಡೆಹಿಡಿಯುವ ಷರತ್ತು ಬರೆಸಿ. ನಿಮ್ಮದೇ ಯಂತ್ರದಲ್ಲಿ, ನಿಮ್ಮದೇ ಕ್ಯಾಸೆಟ್‌ನ 25 ಸ್ಲಾಟ್‌ಗಳಿಂದಲೂ ವೇಫರ್ ತೆಗೆದು ವಾಪಸ್ ಇಡುವ ಸೈಕಲ್ ಎರರ್ ಇಲ್ಲದೆ ಮುಗಿದ ಮೇಲೆ ಆ ಹಣ ಕೊಡಿ. ಎಷ್ಟು ಸೈಕಲ್ ಅಂತಲೂ ಆರ್ಡರ್‌ನಲ್ಲೇ ನಮೂದಿಸಿ.