ಉಕ್ಕಿನ ತಗಡೇ ಸ್ಪ್ರಿಂಗ್ ಆದಾಗ: ರೋಲಿಂಗ್ ಮಿಲ್‌ಗಳ ಚಾಟರ್ ಹಿಂದಿನ ಲೆಕ್ಕ

ಆಹಾರದ ಡಬ್ಬಿಗಳಿಗೆ ಬೇಕಾಗುವ 0.2 ಮಿ.ಮೀ. ದಪ್ಪದ ಉಕ್ಕಿನ ತಗಡು ಕೋಲ್ಡ್ ರೋಲಿಂಗ್ ಮಿಲ್ಲಿನಲ್ಲಿ (ಕಾಯಿಸದ ತಗಡನ್ನು ತಿರುಗುವ ರೋಲ್‌ಗಳ ನಡುವೆ ಒತ್ತಿ ತೆಳುವಾಗಿಸುವ ಯಂತ್ರದಲ್ಲಿ) ನಿಮಿಷಕ್ಕೆ 1,000 ಮೀಟರಿಗೂ ಮಿಕ್ಕಿದ ವೇಗದಲ್ಲಿ ಓಡುತ್ತಿರುವಾಗ ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಗುಂಯ್‌ಗುಡುವ ಸದ್ದೇಳುತ್ತದೆ. ಕೆಲವೇ ಕ್ಷಣಗಳಲ್ಲಿ ಅದು ಇಡೀ ಸ್ಟ್ಯಾಂಡನ್ನು (ರೋಲ್‌ಗಳನ್ನು ಹಿಡಿದಿರುವ ಚೌಕಟ್ಟನ್ನು; ಮಿಲ್ಲಿನಲ್ಲಿ ಇಂಥವು ಸಾಲಾಗಿರುತ್ತವೆ) ನಡುಗಿಸುವಷ್ಟು ಬೆಳೆದು, ತಗಡಿನ ದಪ್ಪದಲ್ಲಿ ಏರಿಳಿತ ಮೂಡಿಸಿ, ವೇಗ ತಗ್ಗಿಸದಿದ್ದರೆ ತಗಡನ್ನೇ ಹರಿದುಹಾಕುತ್ತದೆ. ಇದೇ ಚಾಟರ್. ಇದರ ಅತಿ ಅಪಾಯದ ಬಗೆ ಸಾಮಾನ್ಯವಾಗಿ ಸೆಕೆಂಡಿಗೆ 128ರಿಂದ 256 ಕಂಪನಗಳ ಆಸುಪಾಸಿನದು. ಪಾಶ್ಚಾತ್ಯ ಸಂಗೀತದ ಸ್ಥಾಯಿಗಳ ಲೆಕ್ಕ ಹಿಡಿದು ಎಂಜಿನಿಯರುಗಳು ಅದನ್ನು 'ಥರ್ಡ್ ಆಕ್ಟೇವ್' (ಮೂರನೆಯ ಸ್ಥಾಯಿ) ಎಂದರು. ಸೆಕೆಂಡಿಗೆ 150 ಕಂಪನ, 20 ಮೀಟರ್ ವೇಗ ಎಂದಿಟ್ಟುಕೊಂಡರೆ ತಗಡಿನ ಮೇಲೆ ಸುಮಾರು 13 ಸೆಂ.ಮೀ.ಗೊಂದು ಪಟ್ಟೆ.

ಯಂತ್ರ ನಡುಗಿದರೆ ಸವೆದ ಬೇರಿಂಗನ್ನೋ ಗೇರನ್ನೋ ಶಂಕಿಸುವುದು ಸಹಜ. ಆದರೆ ಈ ಕಂಪನ ಸ್ವಯಂಪ್ರೇರಿತ. ಹೊರಗಿನಿಂದ ಯಾರೂ ಅಲುಗಾಡಿಸಬೇಕಿಲ್ಲ. ಅದನ್ನು ಹಳೆಯ ಸಿದ್ಧಾಂತದಿಂದ ವಿವರಿಸುವುದೂ ಸಾಧ್ಯವಿರಲಿಲ್ಲ. ಕಾರ್ಮಾನ್ (1925), ಒರೊವಾನ್ (1943), ಬ್ಲಾಂಡ್ ಮತ್ತು ಫೋರ್ಡ್ (1948) ರೋಲಿನ ಮೇಲೆ ಬೀಳುವ ಒತ್ತಡವನ್ನು ಲೆಕ್ಕ ಹಾಕಲು ಕಲಿಸಿದರು ನಿಜ, ಆದರೆ ಅವರ ಸಮೀಕರಣಗಳಲ್ಲಿ ಮಿಲ್ಲು ಸದಾ ಒಂದೇ ಸಮನೆ ಓಡುತ್ತದೆ. ಅಲ್ಲಿ ಕಾಲಕ್ಕೆ ಜಾಗವೇ ಇಲ್ಲ.

ಆ ಜಾಗವನ್ನು ಒದಗಿಸಿದವರಲ್ಲಿ ಜಪಾನಿನ ಉಕ್ಕು ಸಂಶೋಧಕರು ಮುಖ್ಯರು: 1978ರಲ್ಲಿ ಯಾರಿಟಾ ತಂಡ, 1980ರಲ್ಲಿ ತಾಮಿಯಾ ತಂಡ. ಅವರ ಕಾಲದಿಂದ ಬೆಳೆದ ವಿವರಣೆಯನ್ನು ಹೀಗೆ ಹೇಳಬಹುದು. ರೋಲ್‌ಗಳ ನಡುವಿನ ಸಂದು ಕೂದಲೆಳೆಯಷ್ಟು ಹಿಗ್ಗಿತೆನ್ನಿ. ಹೊರಹೋಗುವ ಲೋಹ ಹೆಚ್ಚುವುದರಿಂದ ಒಳಬರುವ ತಗಡೂ ವೇಗವಾಗಿ ಸರಿಯಬೇಕು. ಹಿಂದಿನ ಸ್ಟ್ಯಾಂಡ್ ಮಾತ್ರ ತನ್ನ ವೇಗ ಬದಲಿಸದು. ನಡುವಿನ ತಗಡು ಸ್ಪ್ರಿಂಗಿನಂತೆ ಹಿಗ್ಗಿ, ಎಳೆತ ಏರುತ್ತದೆ. ಎಳೆತ ಏರಿದಂತೆ ರೋಲಿನ ಮೇಲಿನ ಬಲ ಇಳಿಯುತ್ತದೆ. ಆದರೆ ಎಳೆತ ಏರಲು ಸಮಯ ಬೇಕಾದ್ದರಿಂದ ಅದು ಸಂದಿನ ಚಲನೆಗಿಂತ ಕಾಲು ಸುತ್ತು, ಅಂದರೆ 90 ಡಿಗ್ರಿ, ಹಿಂದೆ ಬೀಳುತ್ತದೆ. ಅದರ ಫಲವಾಗಿ, ರೋಲ್ ಮೇಲೇಳುತ್ತಿರುವಾಗ ಬಲ ಅದನ್ನು ಇನ್ನಷ್ಟು ಮೇಲಕ್ಕೆ ನೂಕುತ್ತದೆ, ಉಯ್ಯಾಲೆಯನ್ನು ಸರಿಯಾದ ಗಳಿಗೆಯಲ್ಲಿ ಜೀಕಿದ ಹಾಗೆ. ಕಂಪನವನ್ನು ತಗ್ಗಿಸಬೇಕಾದ ಡ್ಯಾಂಪಿಂಗ್ ಋಣಾತ್ಮಕವಾಗುತ್ತದೆ. ವೇಗ ಹೆಚ್ಚಿದಷ್ಟೂ ಈ ನೂಕು ಬಲಿಯುವುದರಿಂದ, ಒಂದು ಮಿತಿ ದಾಟಿದೊಡನೆ ಮಿಲ್ಲು ತಾನೇ ಕುಣಿಯತೊಡಗುತ್ತದೆ.

1982ರಲ್ಲಿ, ಲೋಹ ಕತ್ತರಿಸುವ ಯಂತ್ರಗಳ ಚಾಟರ್ ಅಧ್ಯಯನಕ್ಕೆ ಹೆಸರಾದ ಟ್ಲುಸ್ಟಿ ಮತ್ತು ಸಂಗಡಿಗರು ರೋಲಿಂಗ್ ಕಡೆಗೂ ತಿರುಗಿದರು. ಒಂದು ಸ್ಟ್ಯಾಂಡ್ ತಗಡಿನಲ್ಲಿ ಬಿಟ್ಟ ದಪ್ಪದ ಏರಿಳಿತ ತುಸು ಹೊತ್ತಿನ ನಂತರ ಮುಂದಿನ ಸ್ಟ್ಯಾಂಡನ್ನು ತಲುಪಿ ಅದನ್ನೂ ಕೆಣಕುವುದು ಚಾಟರ್ ಹುಟ್ಟುವ ಬೇರೊಂದು ಮಾರ್ಗ. ಸ್ಟ್ಯಾಂಡ್‌ಗಳ ಅಂತರ 4.5 ಮೀಟರ್, ತಗಡಿನ ವೇಗ ಸೆಕೆಂಡಿಗೆ 15 ಮೀಟರ್ ಆದರೆ ಆ ವಿಳಂಬ 0.3 ಸೆಕೆಂಡು. ಕಂಪನದ ಲೆಕ್ಕದಲ್ಲಿ ಇದು ಚಿಕ್ಕ ಅವಧಿಯಲ್ಲ, ಸೆಕೆಂಡಿಗೆ 150ರಂತೆ ಅಷ್ಟರಲ್ಲಿ ರೋಲ್ 45 ಬಾರಿ ಕುಣಿದಿರುತ್ತದೆ. 1998ರಲ್ಲಿ ಯುನ್, ವಿಲ್ಸನ್ ಮತ್ತು ಏಮನ್ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒರೆಗೆ ಹಚ್ಚಿ, ಸಂದಿನೊಳಗಿನ ಲೋಹದ ವರ್ತನೆಯನ್ನು ಕಾಲದೊಂದಿಗೆ ಬದಲಾಗುವಂತೆ ಬರೆದ ಮಾದರಿ ಕಟ್ಟಿದರು.

ನನ್ನ ಮಟ್ಟಿಗೆ ಇಂದಿಗೂ ಜಾರಿಕೊಳ್ಳುವ ಭಾಗವೆಂದರೆ ಘರ್ಷಣೆ. ಸಮೀಕರಣದಲ್ಲಿ ಅದಕ್ಕೊಂದು ಸಂಖ್ಯೆ ಕೊಟ್ಟುಬಿಡಬಹುದು. ಮಿಲ್ಲಿನಲ್ಲಿ ಅದು ಎಣ್ಣೆ-ನೀರಿನ ಎಮಲ್ಷನ್, ವೇಗ, ರೋಲಿನ ನುಣುಪು ಇವುಗಳೊಡನೆ ಗಂಟೆಗಂಟೆಗೂ ಬದಲಾಗುತ್ತದೆ. ಘರ್ಷಣೆ ಹೆಚ್ಚಿದರೆ ಬಲ ಏರುತ್ತದೆ, ತೀರಾ ಕಡಿಮೆಯಾದರೆ ರೋಲಿನ ಹಿಡಿತವೇ ತಪ್ಪಿ ತಗಡು ಜಾರುತ್ತದೆ. ಹೀಗೆ ಘರ್ಷಣೆ ಹಿಡಿತಕ್ಕೆ ಸಿಗದ್ದರಿಂದಲೇ, ಸದ್ದು ಕೇಳಿದೊಡನೆ ಆಪರೇಟರ್ ಮೊದಲು ಮಾಡುವುದು ವೇಗ ಇಳಿಸುವುದನ್ನು.