ಬಾಡಿಗೆಯೂ ಇಲ್ಲ, ಮಾತೂ ಇಲ್ಲ: ನೋಟಿಸ್ ಮುಟ್ಟಿಸೋದು ಹೇಗೆ?

ಕಾನೂನು ತರಗತಿಯ ಪರೀಕ್ಷೆಯಲ್ಲಿ ಪ್ರಶ್ನೆ ಹೀಗಿತ್ತು. ಬೆಂಗಳೂರಿನಲ್ಲಿ ಒಂದು ಮನೆ, ಬಾಡಿಗೆ ತಿಂಗಳಿಗೆ 12,000 ರೂಪಾಯಿ. 11 ತಿಂಗಳ ಕರಾರು ಮುಗಿದ ಮೇಲೂ ಬಾಡಿಗೆದಾರ ದುಡ್ಡು ಕೊಡುತ್ತಾ ಅಲ್ಲೇ ಇದ್ದ. ಈಗ ನಾಲ್ಕು ತಿಂಗಳಿಂದ ಬಾಡಿಗೆ ಇಲ್ಲ, ಫೋನ್ ಎತ್ತಲ್ಲ. ಮನೆ ಮಾಲೀಕ ಏನು ಮಾಡಬೇಕು?

ನಾನು ಕಣ್ಣು ಮುಚ್ಚಿಕೊಂಡು ಬಾಡಿಗೆದಾರನನ್ನು ಖಾಲಿ ಮಾಡಿಸುವ ಕರ್ನಾಟಕ ಬಾಡಿಗೆ ಕಾಯ್ದೆ, 1999ರ ಸೆಕ್ಷನ್ 27 ಬರೆದೆ. ಅಂಕ ಹೋಯಿತು. ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ ಆ ಕಾಯ್ದೆ ಅನ್ವಯಿಸುವುದೇ ಇಲ್ಲ. ಈಗ ಅಷ್ಟಕ್ಕೆ ಮನೆ ಎಲ್ಲಿ ಸಿಗುತ್ತೆ ಹೇಳಿ? ಹಾಗಾಗಿ 1882ರ ಸ್ವತ್ತು ವರ್ಗಾವಣೆ ಕಾಯ್ದೆಗೇ ಹೋಗಬೇಕು. ಅದರ ಸೆಕ್ಷನ್ 106ರ ಪ್ರಕಾರ ತಿಂಗಳ ಬಾಡಿಗೆಯ ಮನೆಗೆ 'ಖಾಲಿ ಮಾಡಿ' ಅನ್ನುವ 15 ದಿನದ ನೋಟಿಸ್ ಸಾಕು. ದಿನದ ಲೆಕ್ಕ ನೋಟಿಸ್ ಕೈಸೇರಿದ ತಾರೀಖಿನಿಂದ.

ಆದರೆ ಮಾತೇ ಬಿಟ್ಟವನ ಕೈ ಸೇರಿಸೋದು ಹೇಗೆ? ಇಲ್ಲೇ ಇರೋದು ಮಜಾ. ನೋಟಿಸ್ ಬರವಣಿಗೆಯಲ್ಲಿರಬೇಕು, ಸಹಿ ಇರಬೇಕು. ಅಂಚೆಯಲ್ಲಿ ಕಳಿಸಬಹುದು, ಅವನ ಕೈಗೇ ಕೊಡಬಹುದು, ಮನೆಯಲ್ಲಿರುವ ಕುಟುಂಬದವರಿಗೋ ಕೆಲಸದವರಿಗೋ ಕೊಡಬಹುದು. ಕೊಡಲು ಆಗದಿದ್ದರೆ ಮನೆಯ ಎದ್ದು ಕಾಣುವ ಜಾಗದಲ್ಲಿ ಅಂಟಿಸಬಹುದು.

ಅಂಚೆಯಾದರೆ ರಿಜಿಸ್ಟರ್ಡ್ ಅಂಚೆಯೇ ಇರಲಿ. ಈಗ ಅದು ಸ್ಪೀಡ್ ಪೋಸ್ಟ್‌ನಲ್ಲೇ ಸೇರಿಹೋಗಿದೆ, ನೋಂದಣಿ ಬೇಕು ಅಂತ ಕೇಳಿ ಮಾಡಿಸಬೇಕು. ಸರಿಯಾದ ವಿಳಾಸಕ್ಕೆ ಹೋದ ರಿಜಿಸ್ಟರ್ಡ್ ಪತ್ರ ಮುಟ್ಟಿದೆ ಅಂತಲೇ ನ್ಯಾಯಾಲಯ ಭಾವಿಸುತ್ತೆ (ಜನರಲ್ ಕ್ಲಾಸಸ್ ಕಾಯ್ದೆ, 1897, ಸೆಕ್ಷನ್ 27). ಮುಟ್ಟಿಲ್ಲ ಅಂತ ತೋರಿಸೋದು ಬಾಡಿಗೆದಾರನ ಹೊಣೆ. ಲಕೋಟೆ ವಾಪಸ್ ಬಂದರೆ ಮೇಲೆ ಪೋಸ್ಟ್‌ಮ್ಯಾನ್ 'ಬಾಗಿಲು ಹಾಕಿದೆ' ಅಂತಲೋ 'ತೆಗೆದುಕೊಳ್ಳಲಿಲ್ಲ' ಅಂತಲೋ ಗೀಚಿರುತ್ತಾರೆ. ಆ ಗೀಚೇ ಸಾಕ್ಷಿ. ಲಕೋಟೆ ಒಡೆಯಬೇಡಿ, ಅಂಟು ಬಿಡಿಸದೆ ಹಾಗೇ ಇಡಿ.

ಸ್ವತ್ತು ವರ್ಗಾವಣೆ ಕಾಯ್ದೆಯ ಸೆಕ್ಷನ್ 113 ಮರೆಯುವವರೇ ಜಾಸ್ತಿ. ನೋಟಿಸ್ ಅವಧಿ ಮುಗಿದ ಮೇಲಿನ ತಿಂಗಳ ಬಾಡಿಗೆಯನ್ನು ಮಾಲೀಕ ಸುಮ್ನೆ ತಗೊಂಡರೆ, ನೋಟಿಸ್ ಕೈಬಿಟ್ಟ ಅನ್ನುವ ವಾದಕ್ಕೆ ದಾರಿಯಾಗುತ್ತೆ. ಹಳೆಯ ಬಾಕಿ ತಗೊಳ್ಳೋದು ಬೇರೆ ಮಾತು. ಆ ಬಾಕಿಗೆ ದಾವೆ ಹಾಕಲು ಮೂರು ವರ್ಷದ ಗಡುವಿದೆ.

ಬೀಗ ಬದಲಾಯಿಸಿದರೆ ಮುಗೀತಲ್ವಾ ಅಂತ ಪಕ್ಕದ ಬೆಂಚಿನವನು ಕೇಳಿದ. ಮುಗಿಯಲ್ಲ. ಹಾಗೆ ಹೊರದಬ್ಬಿಸಿಕೊಂಡವನು ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ ಸೆಕ್ಷನ್ 6ರಡಿ ಆರು ತಿಂಗಳೊಳಗೆ ದಾವೆ ಹಾಕಿ ಮನೆ ವಾಪಸ್ ಪಡೆಯಬಹುದು. ಅಲ್ಲಿ 'ಮನೆ ನನ್ನದು' ಅನ್ನುವ ಉತ್ತರ ನಡೆಯಲ್ಲ.