ಬೋರ್ ಎಷ್ಟು ಅಡಿ ಅಂತ ಕೇಳಿ ಕೆಟ್ಟೆವು: ಕೆರೆ ಪ್ರಾಜೆಕ್ಟಿನ ಟಿಪ್ಪಣಿ

ಕೊನೆಯ ಸೆಮಿಸ್ಟರ್ ಪ್ರಾಜೆಕ್ಟ್ ಇನ್ನೂ ಪೂರ್ತಿ ಮುಗಿದಿಲ್ಲ. ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ಮುಂದಿನ ವರ್ಷ ಹಳ್ಳಿಗೆ ಹೋಗಿ ಪ್ರಶ್ನೆ ಕೇಳಬೇಕಾದವರಿಗೆ ಉಪಯೋಗ ಆಗಬಹುದು. ನನಗಂತೂ ವೈವಾಗೆ ಬೇಕೇ ಬೇಕು.

ವಿಷಯ ಇಷ್ಟು. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿ ಇಲ್ಲ. ಕೆರೆ, ಬೋರ್, ಇವೆರಡೇ ನಮ್ಮ ಗತಿ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಹರಿಸುವುದು ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆ. 2018ರ ಜೂನ್‌ನಲ್ಲಿ ಆ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಮೊದಲ ಹಂತದ ಪಟ್ಟಿಯಲ್ಲಿ 126 ಕೆರೆಗಳಿದ್ದವು. ಕೆರೆ ತುಂಬಿದ ಮೇಲೆ ಸುತ್ತಲಿನ ಬೋರ್‌ಗಳಲ್ಲಿ ನೀರು ಜಾಸ್ತಿ ಆಯಿತಾ? ಇದನ್ನು ನೋಡಲು ಕೋಲಾರ ತಾಲ್ಲೂಕಿನ ಒಂದು ಊರು ಹಿಡಿದೆವು. ಊರಿನ ಹೆಸರು ಬರೆಯುವುದಿಲ್ಲ ಅಂತ ಅಲ್ಲಿನವರಿಗೆ ಮಾತು ಕೊಟ್ಟಿದ್ದೇವೆ.

ಊರಿಗೆ ಹೋಗುವ ಮೊದಲು ವಿಭಾಗದಿಂದ ಪತ್ರ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಒಂದು ಪ್ರತಿ, ಗುರುತಿನ ಚೀಟಿ. ಇದೆಲ್ಲ ಒಂದೇ ದಿನದ ಕೆಲಸ, ಹೆದರಬೇಡಿ.

ನಾವು ಮುಗ್ಗರಿಸಿದ ಜಾಗ

ಮೊದಲ ಪ್ರಶ್ನೆಪಟ್ಟಿಯಲ್ಲಿ ಹೀಗೆ ಬರೆದಿದ್ದೆವು: "ಕೆರೆ ತುಂಬಿದ ನಂತರ ಅಂತರ್ಜಲ ಮಟ್ಟ ಏರಿದೆಯೇ? ಹೌದು / ಇಲ್ಲ." ಒಂಬತ್ತು ಮನೆಗೆ ಹೋದೆವು. ಒಂಬತ್ತೂ "ಹೌದು". ಖುಷಿಯಾಯಿತು. ಹತ್ತನೇ ಮನೆಯ ತಾತ ನಕ್ಕರು. "ಎಲ್ಲಾ ನೀನೇ ಹೇಳ್ಬಿಟ್ಯಲ್ಲಮ್ಮ, ನಾನು ತಲೆ ಆಡ್ಸೋದೊಂದೇ ಬಾಕಿ" ಅಂದರು.

ಸರಿ, ಆಗ ಹೊಳೆಯಿತು. ನಮ್ಮ ತಲೆಯಲ್ಲಿರುವ ಪ್ರಶ್ನೆ ಬೇರೆ, ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆ ಬೇರೆ. ಮೊದಲನೆಯದಕ್ಕೆ ಉತ್ತರ ಹುಡುಕಬೇಕಾದವರು ನಾವು. ಅದನ್ನೇ ಎತ್ತಿ ರೈತರ ಮುಂದಿಟ್ಟರೆ ಅವರು ಮರ್ಯಾದೆಗೆ ಹೌದು ಅಂತಾರೆ.

ಹಾಗಾಗಿ ಎರಡನೇ ಸಲ ಜಾಣರಾದೆವು ಅಂದುಕೊಂಡು "ಬೋರ್ ಎಷ್ಟು ಅಡಿ ಅಣ್ಣ?" ಅಂತ ಕೇಳಿದೆವು. ಸಾವಿರ, ಸಾವಿರದ ಇನ್ನೂರು, ಅಂತ ಅಂಕಿ ಸಿಕ್ಕವು. ಕೋಷ್ಟಕ ತುಂಬಿತು. ಗೈಡ್ ಮೇಡಂ ನೋಡಿ ಒಂದೇ ಮಾತು ಕೇಳಿದರು: "ಕೆರೆ ತುಂಬಿದ್ರೆ ಬೋರಿನ ಆಳ ಕಮ್ಮಿ ಆಗುತ್ತಾ?"

ಆಗಲ್ಲ ಅಲ್ವಾ! ಕೊರೆದ ಆಳ ಕೊರೆದ ದಿನಕ್ಕೇ ಮುಗಿದ ಕತೆ. ಇದನ್ನು ನಾನು ಮೂರು ಸಲ ಬರೆದು ಅರ್ಥ ಮಾಡಿಕೊಂಡೆ, ನೀವೂ ನಿಧಾನವಾಗಿ ಓದಿ. ಒಂದು ಬೋರಿಗೆ ಮೂರು ಅಂಕಿ ಇರುತ್ತವೆ. ಲಾರಿ ಎಲ್ಲಿಯವರೆಗೆ ಕೊರೆಯಿತು ಅನ್ನುವುದು ಒಂದು. ಮೋಟರ್ ಎಲ್ಲಿ ತೂಗಾಡುತ್ತಿದೆ ಅನ್ನುವುದು ಇನ್ನೊಂದು. ಇವತ್ತು ನೀರು ಎಲ್ಲಿ ನಿಂತಿದೆ ಅನ್ನುವುದು ಮೂರನೆಯದು. ನಮಗೆ ಬೇಕಾದ್ದು ಮೂರನೆಯದು. ರೈತರ ಬಾಯಲ್ಲಿ ಬರುವುದು ಮೊದಲನೆಯದು, ಯಾಕಂದರೆ ದುಡ್ಡು ಕೊಟ್ಟಿದ್ದು ಅದಕ್ಕೆ.

ಎರಡನೆಯದನ್ನು ಹಿಡಿಯೋಣ ಅಂತ "ಎಷ್ಟು ಪೈಪ್ ಇಳಿಸಿದ್ದೀರಿ?" ಅಂತ ಕೇಳಿದೆವು. ಒಂದು ಕಬ್ಬಿಣದ ಪೈಪ್ 20 ಅಡಿ. 40 ಪೈಪ್ ಅಂದರೆ ಮೋಟರ್ 800 ಅಡಿಯಲ್ಲಿದೆ. ಈ ಪ್ರಶ್ನೆ ನನಗೆ ತುಂಬಾ ಇಷ್ಟ, ಯಾರೂ ತಡವರಿಸದೆ ಹೇಳುತ್ತಾರೆ. ಆದರೆ ಇದರಲ್ಲೂ ಒಂದು ಮೋಸವಿದೆ. ನೀರು ಕೆಳಗೆ ಹೋದಾಗ ಎರಡು ಪೈಪ್ ಸೇರಿಸಿ ಮೋಟರ್ ಇಳಿಸುತ್ತಾರೆ. ನೀರು ಮೇಲೆ ಬಂತು ಅಂತ ದುಡ್ಡು ಕೊಟ್ಟು ಯಾರಾದರೂ ಮೋಟರ್ ಮೇಲೆತ್ತುತ್ತಾರಾ? ಸುಮ್ನೆ ಬಿಡುತ್ತಾರೆ. ಅಂದರೆ ಪೈಪ್ ಲೆಕ್ಕ ಇಳಿತವನ್ನು ತೋರಿಸುತ್ತದೆ, ಏರಿಕೆಯನ್ನು ತೋರಿಸುವುದಿಲ್ಲ. ನಮಗೆ ಬೇಕಿದ್ದದ್ದೋ ಏರಿಕೆ!

ಕೊನೆಗೆ ನಿಂತ ಪ್ರಶ್ನೆಗಳು ಇವು. ಮೂರು ಫೇಸ್ ಕರೆಂಟ್ ಇರುವಷ್ಟು ಹೊತ್ತೂ ಮೋಟರ್ ಓಡುತ್ತಾ, ನಡುವೆ ನೀರು ಕಟ್ ಆಗುತ್ತಾ? ಎಷ್ಟು ಇಂಚು ನೀರು (ಪೈಪಿನಿಂದ ಬೀಳುವ ನೀರಿಗೆ ರೈತರ ಅಳತೆ) ಬರುತ್ತೆ? ಬತ್ತಿದ್ದ ಹಳೇ ಬೋರಿಗೆ ಮತ್ತೆ ಮೋಟರ್ ಬಿಟ್ಟಿದ್ದೀರಾ? ಬೋರ್ ಲಾರಿ ಕರೆಸಿದ್ದು ಕಡೇ ಸಲ ಯಾವಾಗ? ಕೆರೆಯ ಹೆಸರೇ ಎತ್ತಬೇಡಿ. ಅವರಾಗಿ ಎತ್ತಿದರೆ ಹಾಳೆಯ ಪಕ್ಕದಲ್ಲಿ ಒಂದು ಚುಕ್ಕಿ ಇಡಿ.

ಇಸವಿ ಕೇಳಬೇಡಿ

"ಯಾವಾಗ" ಅಂತ ಕೇಳಿದರೆ "ಐದಾರು ವರ್ಷ ಆಯ್ತಮ್ಮ" ಅಂತಾರೆ. ಎಲ್ಲದಕ್ಕೂ ಐದಾರು ವರ್ಷವೇ! ಇದಕ್ಕೆ ಒಂದು ಉಪಾಯ: ಊರಿಗೆಲ್ಲ ಗೊತ್ತಿರುವ ಘಟನೆಗಳ ಪಟ್ಟಿ ಜೇಬಲ್ಲಿರಲಿ. ನೋಟು ರದ್ದಾಗಿದ್ದು 2016ರ ನವೆಂಬರ್. ವಿಧಾನಸಭೆ ಚುನಾವಣೆ 2018ರ ಮೇ, ನೀರು ಬಂದದ್ದು ಅದರ ಮುಂದಿನ ತಿಂಗಳೇ. ಲಾಕ್‌ಡೌನ್ 2020ರ ಮಾರ್ಚ್. "ಲಾರಿ ಬಂದಿದ್ದು ಲಾಕ್‌ಡೌನಿಗೆ ಮುಂಚೇನಾ, ಆಮೇಲಾ?" ಅಂದರೆ ಒಬ್ಬರು ಮರೆತರೂ ಒಳಗಿಂದ ಅಮ್ಮನವರು ಕೂಗಿ ಹೇಳುತ್ತಾರೆ. ಮಗಳ ಮದುವೆ, ಗೃಹಪ್ರವೇಶ ಕೂಡ ನಡೆಯುತ್ತದೆ, ಆ ದಿನಾಂಕಕ್ಕೆ ಲಗ್ನಪತ್ರಿಕೆ ಇರುತ್ತದಲ್ಲ.

ಈ ಪಟ್ಟಿ ಮಾಡುವಾಗಲೇ ಇನ್ನೊಂದು ತೊಡಕು ಕಣ್ಣಿಗೆ ಬಿತ್ತು. 2021ರ ನವೆಂಬರ್‌ನಲ್ಲಿ ನಮ್ಮ ಕಡೆ ಜೋರು ಮಳೆಯಾಗಿ ಕೆರೆಗಳು ಕೋಡಿ ಬಿದ್ದವು. ಆಮೇಲೆ ಬೋರಲ್ಲಿ ನೀರು ಬಂದಿದ್ದರೆ ಅದು ಮಳೆಯದಾ, ಯೋಜನೆಯ ಪೈಪಿನಲ್ಲಿ ಕೆರೆಗೆ ಬಂದದ್ದಾ? ಒಂದೇ ಊರು ನೋಡಿದರೆ ಇದಕ್ಕೆ ಉತ್ತರವಿಲ್ಲ. ಅದಕ್ಕೆ ಯೋಜನೆಯ ನೀರು ಬಾರದ ಕೆರೆಯಿರುವ ಇನ್ನೊಂದು ಊರನ್ನೂ ಸೇರಿಸಿದೆವು. ಮಳೆ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ, ಪೈಪಿನ ನೀರು ಒಂದೇ ಕಡೆ. ಕೆಲಸ ದುಪ್ಪಟ್ಟಾಯಿತು. ಇದನ್ನು ಮೊದಲ ವಾರದಲ್ಲೇ ಯೋಚಿಸಬೇಕಿತ್ತು.

ಯಾರನ್ನು ಕೇಳುವುದು

ಪಂಚಾಯಿತಿ ಪಟ್ಟಿ ತಗೊಂಡು ನಾಲ್ಕು ಮನೆಗೆ ಒಂದರಂತೆ. ಮೊದಲ ಮನೆ ಯಾವುದು ಅಂತ ಚೀಟಿ ಎತ್ತಿ. ಇಷ್ಟು ಸುಲಭ. ಆದರೆ ಟೊಮೆಟೊ ಕೀಳುವ ಕಾಲದಲ್ಲಿ ಹತ್ತು ಗಂಟೆಗೆ ಹೋದರೆ ಊರೇ ಖಾಲಿ. ಬೇಸರವಾಗಿ ನನ್ನ ಜೊತೆಗಾತಿ, "ಸಂಜೆ ಹಾಲಿನ ಡೈರಿ ಹತ್ರ ನಿಂತ್ರೆ ಎಲ್ಲಾ ಸಿಗ್ತಾರೆ" ಅಂದಳು. ಸಿಗುತ್ತಾರೆ, ಹಸು ಇರುವವರು. ಹಸು ಇದೆ ಅಂದರೆ ಮೇವಿದೆ, ಮೇವಿದೆ ಅಂದರೆ ಬಹುಪಾಲು ನೀರೂ ಇದೆ. ನೀರಿಲ್ಲದೆ ಗಾರೆ ಕೆಲಸಕ್ಕೆ ಹೋದವರು ಆ ಸಾಲಿನಲ್ಲಿ ನಿಲ್ಲುವುದೇ ಇಲ್ಲ. ಡೈರಿ ಬಿಟ್ಟೆವು. ಬೀಗ ಹಾಕಿದ ಮನೆಗೆ ಮೂರು ಸಲ ಹೋಗುವುದು, ಆಮೇಲೆ "ಸಿಗಲಿಲ್ಲ" ಅಂತ ಬರೆಯುವುದು. ಪಕ್ಕದ ಮನೆಗೆ ನುಗ್ಗುವಂತಿಲ್ಲ.

ಇನ್ನೊಂದು. ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ನಾನು ಒಂದು ಥರ ಕೇಳಿದೆ, ಅವಳು ಇನ್ನೊಂದು ಥರ ಕೇಳಿದಳು. ಕನ್ನಡದ ಪ್ರಶ್ನೆಯ ಕೆಳಗೇ ತೆಲುಗು ವಾಕ್ಯವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡ ಮೇಲೆ ಸರಿಹೋಯಿತು.

ಎರಡನೇ ಊರಲ್ಲಿ ಬೀಗ ಹಾಕಿದ್ದ ಆರು ಮನೆ ಇನ್ನೂ ಬಾಕಿ ಇವೆ. ಈ ಭಾನುವಾರದ್ದು ಮೂರನೇ ಸಲ.